ಕಾರಿನೊಳಗಿನ ಮಂದ್ರ: ಆಂಪ್ಲಿಫೈಯರ್, ಸಬ್‌ವೂಫರ್ ಹಾಕಿಸುವ ಮುನ್ನ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಯ ಜೊತೆಗೆ ಆಗಾಗ ಒಂದು ದೂರೂ ಇರುತ್ತದೆ. "ಮನೆಯಲ್ಲಿ ಕೇಳಿದರೆ ನಿಮ್ಮ ದನಿ ಚೆನ್ನಾಗಿದೆ, ಕಾರಿನಲ್ಲಿ ಕೇಳಿದರೆ ಹಂಡೆಯೊಳಗೆ ಕೂತು ಮಾತಾಡಿದ ಹಾಗಿರುತ್ತದೆ" ಅಂತ. ದೂರು ಕೊಟ್ಟವರನ್ನು ವಿಚಾರಿಸಿದರೆ ಹೆಚ್ಚಾಗಿ ಸಿಗುವ ಉತ್ತರ ಒಂದೇ: ಕಾರಿಗೆ ಹೊಸದಾಗಿ ಆಂಪ್ಲಿಫೈಯರ್ ಮತ್ತು ಸಬ್‌ವೂಫರ್ ಹಾಕಿಸಿದ್ದಾರೆ. ಕೆಲವೊಮ್ಮೆ ಅವರೇ ಹಾಕಿಸಿಕೊಂಡದ್ದು, ಕೆಲವೊಮ್ಮೆ ಕಾಲೇಜಿಗೆ ಹೋಗುವ ಮಗ ಹಾಕಿಸಿದ್ದು. ದನಿ ಹಂಡೆಯಂತಾದರೆ ಸರಿಮಾಡಬಹುದು. ಆದರೆ ಅದೇ ಕೆಲಸದಲ್ಲಿ ಅಡಗಿರುವ ಇನ್ನೊಂದು ತಪ್ಪು ಕಾರಿಗೇ ಬೆಂಕಿ ಇಡಬಲ್ಲದು. ಆದ್ದರಿಂದ ಈ ಸಲ ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಮಾತಾಡೋಣ.

ಮೊದಲಿಗೆ, ಇದೆಲ್ಲ ಬೇಕೇಕೆ? ಕಂಪನಿಯಿಂದ ಬರುವ ಕಾರಿನ ಬಾಗಿಲುಗಳಲ್ಲಿ ಸಾಮಾನ್ಯವಾಗಿ ಆರು, ಆರೂವರೆ ಅಂಗುಲದ ಸ್ಪೀಕರುಗಳಿರುತ್ತವೆ. ಮನುಷ್ಯನ ಕಿವಿಗೆ ಕೇಳಿಸುವುದು ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಸದ್ದು. ಇದರ ಕೆಳತುದಿಯೇ ನಾವು ಬೇಸ್ ಅನ್ನುವ ಮಂದ್ರ. ತಬಲಾದ ಡಗ್ಗಾ, ಮೃದಂಗದ ಎಡಭಾಗ, ಡೊಳ್ಳಿನ ಪೆಟ್ಟು, ಸಿನಿಮಾ ಹಾಡಿನ ಬೇಸ್ ಗಿಟಾರ್ ಎಲ್ಲವೂ ಅಲ್ಲಿ ನೆಲೆಸಿರುತ್ತವೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಸ್. ಅಷ್ಟು ಕೆಳಗಿನ ಸ್ವರ ಹುಟ್ಟಬೇಕಾದರೆ ಬಹಳಷ್ಟು ಗಾಳಿಯನ್ನು ಮುಂದಕ್ಕೂ ಹಿಂದಕ್ಕೂ ತಳ್ಳಬೇಕು. ಬಾಗಿಲಿನ ಪುಟ್ಟ ಸ್ಪೀಕರಿಗೆ ಅದು ಆಗದ ಕೆಲಸ. ಜೊತೆಗೆ ಟೈರು, ಎಂಜಿನ್ನು, ರಸ್ತೆಯ ಗದ್ದಲವೂ ಹೆಚ್ಚಾಗಿ ಈ ಕೆಳಸ್ವರದಲ್ಲೇ ಇರುವುದರಿಂದ, ಇರುವ ಅಷ್ಟಿಷ್ಟು ಮಂದ್ರವೂ ಹೆದ್ದಾರಿಯಲ್ಲಿ ಮುಳುಗಿಹೋಗುತ್ತದೆ. ಮುಂಬಯಿಯಿಂದ ಊರಿಗೆ ಹೊರಟು ಪನ್ವೇಲ್ ದಾಟಿದ ಮೇಲೆ ಹಾಡು ತೆಳ್ಳಗಾದ ಹಾಗೆ ಅನಿಸುವುದು ಇದೇ ಕಾರಣಕ್ಕೆ.

ಎರಡನೆಯ ಕಾರಣ ಶಕ್ತಿಯದು. ನಿಮ್ಮ ಸ್ಟೀರಿಯೊ ಮೇಲೆ "50 ವ್ಯಾಟ್, ನಾಲ್ಕು ಚಾನೆಲ್" ಅಂತ ಬರೆದಿರಬಹುದು. ಕಾರಿನ ವಿದ್ಯುತ್ತು ಎಂಜಿನ್ ಓಡುವಾಗಲೂ ಸುಮಾರು 14 ವೋಲ್ಟ್ ಮಾತ್ರ. ಅಷ್ಟೇ ವೋಲ್ಟೇಜಿನಿಂದ 4 ಓಮ್ ಸ್ಪೀಕರಿಗೆ ಶುದ್ಧವಾಗಿ ಕೊಡಬಹುದಾದದ್ದು ಲೆಕ್ಕದ ಪ್ರಕಾರವೇ 25 ವ್ಯಾಟ್ ಆಸುಪಾಸು, ನಿಜದಲ್ಲಿ 15ರಿಂದ 20. ಉಳಿದದ್ದು ಡಬ್ಬದ ಮೇಲಿನ ಮಾತು. ಪ್ರತ್ಯೇಕ ಆಂಪ್ಲಿಫೈಯರಿನ ಒಳಗೆ ಈ ವೋಲ್ಟೇಜನ್ನು ಮೇಲಕ್ಕೆ ಏರಿಸುವ ಸರ್ಕ್ಯೂಟು ಇರುತ್ತದೆ. ಅದರ ಬಲ ಅಲ್ಲಿಂದ ಬರುವಂಥದ್ದು.

ಈಗ ಅಂಗಡಿಗೆ ಹೋಗೋಣ. ಮುಂಬಯಿಯ ಲ್ಯಾಮಿಂಗ್ಟನ್ ರೋಡ್ ಇರಲಿ, ದೆಹಲಿಯ ಕರೋಲ್ ಬಾಗ್ ಇರಲಿ, ಚೆನ್ನೈನ ರಿಚ್ಚಿ ಸ್ಟ್ರೀಟ್ ಇರಲಿ, ಡಬ್ಬಗಳ ಮೇಲೆ 1,200 ವ್ಯಾಟ್, 2,000 ವ್ಯಾಟ್ ಅಂತ ದೊಡ್ಡ ಅಕ್ಷರಗಳು ಮಿನುಗುತ್ತಿರುತ್ತವೆ. ಅದನ್ನು ನೋಡಬೇಡಿ. ಸಣ್ಣ ಅಕ್ಷರದಲ್ಲಿರುವ "ಆರ್‌ಎಂಎಸ್" ವ್ಯಾಟ್ ಎಷ್ಟೆಂದು ನೋಡಿ. ಅದು ನಿರಂತರವಾಗಿ ಕೊಡಬಲ್ಲ ಶಕ್ತಿ. ಅದೂ ನಂಬಿಕೆಯಾಗದಿದ್ದರೆ ಒಂದು ಉಪಾಯವಿದೆ. ಆಂಪ್ಲಿಫೈಯರಿನ ಮೈಮೇಲೆಯೇ ಚುಚ್ಚಿರುವ ಫ್ಯೂಸು ಎಷ್ಟು ಆಂಪಿಯರಿನದೆಂದು ನೋಡಿ. 30 ಆಂಪಿಯರ್ ಇದ್ದರೆ, 14 ವೋಲ್ಟಿನಿಂದ ಗುಣಿಸಿ, 420 ವ್ಯಾಟ್. ಒಳಗೆ ಹೋಗುವುದೇ ಇಷ್ಟು. ಒಳ್ಳೆಯ ಕ್ಲಾಸ್-ಡಿ ಆಂಪ್ಲಿಫೈಯರ್ ಅದರಲ್ಲಿ ಸುಮಾರು ಶೇ. 80ನ್ನು ಸ್ಪೀಕರಿಗೆ ದಾಟಿಸುತ್ತದೆ, ಅಂದರೆ 330ರ ಸುಮಾರು. ಅದರ ಡಬ್ಬದ ಮೇಲೆ 1,200 ಅಂತಿದ್ದರೆ ಉಳಿದ ವ್ಯಾಟುಗಳು ಎಲ್ಲಿಂದ ಬರುತ್ತವೆಂದು ಅಂಗಡಿಯವರನ್ನೇ ಕೇಳಿ, ನಕ್ಕುಬಿಡುತ್ತಾರೆ.

ಸಬ್‌ವೂಫರಿನ ಆರ್‌ಎಂಎಸ್ ಮತ್ತು ಆಂಪ್ಲಿಫೈಯರಿನ ಆರ್‌ಎಂಎಸ್ ಹತ್ತಿರ ಹತ್ತಿರ ಇರಲಿ. ಓಮ್ ಕೂಡ ಹೊಂದಬೇಕು. 4 ಓಮಿನ ಎರಡು ಸಬ್‌ವೂಫರುಗಳನ್ನು ಪಕ್ಕಪಕ್ಕಕ್ಕೆ, ಅಂದರೆ ಪ್ಯಾರಲಲ್ ಆಗಿ ಜೋಡಿಸಿದರೆ ಒಟ್ಟು 2 ಓಮ್ ಆಗುತ್ತದೆ. 2 ಓಮ್ ತಾಳುವ ಆಂಪ್ಲಿಫೈಯರ್ ಅಲ್ಲದಿದ್ದರೆ ಅದು ಕಾದು ನಿಲ್ಲುತ್ತದೆ, ಇಲ್ಲವೇ ಸುಡುತ್ತದೆ. "ಎರಡು ಹಾಕಿಸಿ ಸಾರ್, ಡಬಲ್ ಸೌಂಡ್" ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ಶಕ್ತಿ ಎರಡರಷ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತರಷ್ಟು ಶಕ್ತಿ ಬೇಕು. ಸಂಸಾರಸ್ಥರ ಕಾರಿಗೆ 10 ಅಥವಾ 12 ಅಂಗುಲದ ಒಂದೇ ಒಂದು ಸಬ್‌ವೂಫರ್ ಧಾರಾಳವಾಗಿ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮುಚ್ಚಿದ ಕಾರಿನ ಒಳಗೆ ಅತಿ ಕೆಳಗಿನ ಸ್ವರಗಳು ತಾವಾಗಿಯೇ ಬಲಗೊಳ್ಳುತ್ತವೆ, ಮನೆಯ ಹಾಲಿನಲ್ಲಿ ಈ ಸೌಲಭ್ಯ ಇರುವುದಿಲ್ಲ.

ಪೆಟ್ಟಿಗೆಯಲ್ಲಿ ಎರಡು ಬಗೆ. ಪೂರ್ತಿ ಮುಚ್ಚಿದ ಪೆಟ್ಟಿಗೆ ಚಿಕ್ಕದು, ಅದರ ಪೆಟ್ಟು ಬಿಗಿಯಾಗಿರುತ್ತದೆ, ತಬಲಾ ಮೃದಂಗಕ್ಕೆ ಹೇಳಿ ಮಾಡಿಸಿದಂತೆ. ಬಾಯಿ ಇರುವ, ಅಂದರೆ ಪೋರ್ಟೆಡ್ ಪೆಟ್ಟಿಗೆ ದೊಡ್ಡದು, ಅಷ್ಟೇ ಶಕ್ತಿಗೆ ಹೆಚ್ಚು ಗುಡುಗುತ್ತದೆ, ಸ್ವರ ಸ್ವಲ್ಪ ಹೊತ್ತು ಎಳೆದಂತಾಗುತ್ತದೆ. ನೀವು ಭಾವಗೀತೆ, ಹಳೆಯ ಚಿತ್ರಗೀತೆ, ಯಕ್ಷಗಾನ, ರೇಡಿಯೊ ಕೇಳುವವರಾದರೆ ಮುಚ್ಚಿದ ಪೆಟ್ಟಿಗೆಯನ್ನೇ ಆರಿಸಿಕೊಳ್ಳಿ. ಯಾವುದೇ ಆದರೂ ಅದನ್ನು ಡಿಕ್ಕಿಯಲ್ಲಿ ಬೆಲ್ಟು ಅಥವಾ ಕ್ಲಾಂಪಿನಿಂದ ಬಿಗಿಸಿ. ಹದಿನೈದು ಇಪ್ಪತ್ತು ಕಿಲೋ ತೂಕದ ಪೆಟ್ಟಿಗೆ, ಘಾಟಿಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಸೀಟಿನಲ್ಲಿರುವ ಅಜ್ಜಿಯ ಬೆನ್ನಿಗೆ ಬಂದು ಬಡಿಯಬಾರದಲ್ಲ.

ಸಿಎನ್‌ಜಿ ಕಾರಿನವರಿಗೆ ಒಂದು ಮಾತು. ಮುಂಬಯಿ, ಪುಣೆ, ದೆಹಲಿಯಲ್ಲಿ ನಿಮ್ಮ ಸಂಖ್ಯೆ ದೊಡ್ಡದು, ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುತ್ತದೆ. ಸಿಲಿಂಡರಿನ ಮೇಲೆ ಆಂಪ್ಲಿಫೈಯರ್ ಕೂರಿಸುವುದು, ಗ್ಯಾಸ್ ಪೈಪಿಗೆ ತಾಗಿಸಿ ವೈರು ಕಟ್ಟುವುದು, ಸಿಲಿಂಡರಿನ ಬ್ರಾಕೆಟಿಗೆ ತೂತು ಕೊರೆಯುವುದು ಯಾವುದೂ ಬೇಡ. ನಿಮಗಾಗಿಯೇ ಆಂಪ್ಲಿಫೈಯರ್ ಒಳಗೊಂಡ, ತೆಳ್ಳಗಿನ, ಸೀಟಿನ ಕೆಳಗೆ ಹೋಗುವ ಸಬ್‌ವೂಫರುಗಳಿವೆ. 8 ಅಂಗುಲದ್ದು ಎದೆ ನಡುಗಿಸುವುದಿಲ್ಲ ನಿಜ, ಆದರೆ ಹಾಡಿಗೆ ಬೇಕಾದ ಬುಡವನ್ನು ಕೊಡುತ್ತದೆ. ಅದರ ತಂತಿಗೂ ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ಅನ್ವಯಿಸುತ್ತವೆ.

ಇನ್ನು ಮುಖ್ಯ ವಿಷಯ, ವೈರಿಂಗ್. ಜನ ಆಂಪ್ಲಿಫೈಯರಿಗೆ ಸಾವಿರಾರು ರೂಪಾಯಿ ಸುರಿದು, ವೈರಿನ ಮಾತು ಬಂದಾಗ "ಏನೋ ಒಂದು ಹಾಕಿಬಿಡಿ" ಅನ್ನುತ್ತಾರೆ. ನನ್ನನ್ನು ಕೇಳಿದರೆ ಮೊದಲು ವೈರು, ಆಮೇಲೆ ಮಿಕ್ಕದ್ದು.

ಲೆಕ್ಕ ನೋಡಿ. 300 ವ್ಯಾಟ್ ಆರ್‌ಎಂಎಸ್ ಕೊಡುವ ಕ್ಲಾಸ್-ಡಿ ಆಂಪ್ಲಿಫೈಯರ್ ಪೂರ್ತಿ ದುಡಿಯುವಾಗ ಸುಮಾರು 375 ವ್ಯಾಟ್ ಎಳೆಯುತ್ತದೆ, ಅಂದರೆ 27 ಆಂಪಿಯರ್. ನಿಮ್ಮ ಕಾರಿನ ಎರಡು ಹ್ಯಾಲೊಜನ್ ಹೆಡ್‌ಲೈಟುಗಳು ಸೇರಿ ಎಳೆಯುವುದು 8 ಆಂಪಿಯರ್ ಆಸುಪಾಸು. ಅದರ ಮೂರು ಪಟ್ಟಿಗೂ ಹೆಚ್ಚು ಕರೆಂಟು ಬಾನೆಟ್ಟಿನಿಂದ ಡಿಕ್ಕಿಯವರೆಗೆ ಐದು ಮೀಟರ್ ಪ್ರಯಾಣ ಮಾಡಬೇಕು. ಮನೆಯ ಪ್ಲಗ್ ಪಾಯಿಂಟಿಗೆ ಎಳೆಯುವ 2.5 ಚದರ ಮಿಲಿಮೀಟರಿನ ವೈರನ್ನು ಹಾಕಿದರೆ ದಾರಿಯಲ್ಲೇ ಹೆಚ್ಚುಕಡಿಮೆ 1 ವೋಲ್ಟ್ ಕರಗಿ, ಆ ಶಕ್ತಿಯೆಲ್ಲ ಕಾರ್ಪೆಟ್ಟಿನ ಕೆಳಗೆ ಬಿಸಿಯಾಗಿ ಕೂರುತ್ತದೆ. ಇಲ್ಲಿ ಬೇಕಾದದ್ದು ಕನಿಷ್ಠ 8 ಗೇಜ್, ಅಂದರೆ ಸುಮಾರು 8 ಚದರ ಮಿಲಿಮೀಟರಿನ ತಾಮ್ರದ ವೈರು. ಅದಕ್ಕಿಂತ ದೊಡ್ಡ ಆಂಪ್ಲಿಫೈಯರ್ ಆದರೆ 4 ಗೇಜ್, ಅದು ಸುಮಾರು 21 ಚದರ ಮಿಲಿಮೀಟರ್. ಗೇಜಿನಲ್ಲಿ ಸಂಖ್ಯೆ ಇಳಿದಷ್ಟೂ ವೈರು ದಪ್ಪ, ಇದನ್ನು ನೆನಪಿಡಿ.

ತಾಮ್ರ ಅಂದೆ. ಸೋವಿ ಕಿಟ್ಟುಗಳಲ್ಲಿ ಬರುವುದು ಬಹುತೇಕ ಅಲ್ಯೂಮಿನಿಯಂ ತಂತಿ, ಮೇಲೆ ಮಾತ್ರ ತಾಮ್ರದ ಲೇಪ. ಅದು ಸಾಗಿಸುವ ಕರೆಂಟು ಅಪ್ಪಟ ತಾಮ್ರದ ಸುಮಾರು ಮೂರನೆ ಎರಡು ಭಾಗ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಹಾಕಲೇಬೇಕೆಂದರೆ ಒಂದು ಗಾತ್ರ ದಪ್ಪನೆಯದನ್ನು ಹಾಕಿಸಿ. ಮೇಲಿನ ಪ್ಲಾಸ್ಟಿಕ್ ಹೊದಿಕೆ ದಪ್ಪಗಿದ್ದು ಒಳಗೆ ಲೋಹ ತೆಳ್ಳಗಿರುವ ವೈರುಗಳೂ ಇವೆ, ಆದ್ದರಿಂದ ತುದಿ ಸುಲಿದು ನೋಡದೆ ಕೊಳ್ಳಬೇಡಿ.

ಈಗ ಬೆಂಕಿಯ ಮಾತು. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಹೊರಟ ಈ ವೈರು, ಎಂಜಿನ್ ಮತ್ತು ಕಾರಿನ ಒಳಭಾಗದ ನಡುವಿನ ಕಬ್ಬಿಣದ ಗೋಡೆಯನ್ನು ತೂತಿನ ಮೂಲಕ ದಾಟುತ್ತದೆ. ಕಾರಿನ ಮೈಯೆಲ್ಲ ಬ್ಯಾಟರಿಯ ನೆಗೆಟಿವ್. ತೂತಿನ ಅಂಚು ಚೂಪಾಗಿದ್ದು, ಕಾರು ಅದುರುತ್ತಾ ಅದುರುತ್ತಾ ಹೊದಿಕೆ ಸವೆದು ತಾಮ್ರ ಕಬ್ಬಿಣಕ್ಕೆ ತಾಗಿತು ಅಂತಿಟ್ಟುಕೊಳ್ಳಿ. ಚಿಕ್ಕ ಕಾರಿನ ಬ್ಯಾಟರಿಯೂ ಆ ಗಳಿಗೆಯಲ್ಲಿ ನೂರಾರು ಆಂಪಿಯರ್ ಹರಿಸಬಲ್ಲದು. ವೈರು ಕೆಂಪಗೆ ಕಾಯುತ್ತದೆ, ಹೊದಿಕೆ ಹೊತ್ತಿಕೊಳ್ಳುತ್ತದೆ, ಪಕ್ಕದಲ್ಲೇ ಕಾರ್ಪೆಟ್ಟು. ಕೀ ತೆಗೆದು ಕಾರು ನಿಲ್ಲಿಸಿದ್ದರೂ ಇದು ನಡೆಯುತ್ತದೆ, ಏಕೆಂದರೆ ವೈರು ನೇರವಾಗಿ ಬ್ಯಾಟರಿಗೇ ಸೇರಿದೆ.

ತಡೆಯುವುದು ಎರಡೇ ವಸ್ತು. ತೂತಿಗೆ ರಬ್ಬರ್ ಬಳೆ, ಮೆಕ್ಯಾನಿಕ್ಕುಗಳು ಗ್ರಾಮೆಟ್ ಅನ್ನುತ್ತಾರೆ. ಮತ್ತು ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸು, ವೈರಿನ ಉದ್ದಳತೆಯಲ್ಲಿ 45 ಸೆಂಟಿಮೀಟರಿನೊಳಗೆ. "ಆಂಪ್ಲಿಫೈಯರಿನಲ್ಲಿ ಫ್ಯೂಸ್ ಇದೆಯಲ್ಲ, ಇನ್ನೊಂದು ಯಾಕೆ?" ಅಂತ ಕೇಳುವ ಮೆಕ್ಯಾನಿಕ್ಕುಗಳು ಇದ್ದಾರೆ. ಆ ಫ್ಯೂಸು ಡಿಕ್ಕಿಯಲ್ಲಿದೆ. ವೈರು ನಡುದಾರಿಯಲ್ಲಿ ತಾಗಿದರೆ ಕರೆಂಟು ಅಲ್ಲಿಯವರೆಗೆ ಹೋಗುವುದೇ ಇಲ್ಲ, ಅದು ಹಾರುವುದೂ ಇಲ್ಲ. ಆಂಪ್ಲಿಫೈಯರಿನ ಫ್ಯೂಸು ಆಂಪ್ಲಿಫೈಯರಿಗೆ, ಬ್ಯಾಟರಿ ಬಳಿಯ ಫ್ಯೂಸು ವೈರಿಗೆ. 8 ಗೇಜಿನ ತಾಮ್ರಕ್ಕೆ 40 ಆಂಪಿಯರಿನದು ಸರಿ. ಅದು ಪದೇ ಪದೇ ಹಾರುತ್ತಿದ್ದರೆ ದೊಡ್ಡ ಫ್ಯೂಸು ಹಾಕುವುದು ಪರಿಹಾರವಲ್ಲ, ಕಾರಣ ಹುಡುಕಬೇಕು. ಮಿಸ್ತ್ರಿಗೆ ಕನ್ನಡ ಬಾರದಿದ್ದರೆ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: "ಭಾಯ್, ಫ್ಯೂಸ್ ಬ್ಯಾಟರಿ ಕೆ ಪಾಸ್ ಲಗಾನಾ." ಕೆಲಸ ಮುಗಿದ ಮೇಲೆ ಬಾನೆಟ್ ತೆಗೆಸಿ ಕಣ್ಣಾರೆ ನೋಡಿ, ದುಡ್ಡು ಆಮೇಲೆ ಕೊಡಿ.

ಕೆಲಸ ಶುರುವಾಗುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಸಬೇಕು. ಹಳದಿ ಬಣ್ಣದ ವೈರು, ಹಳದಿ ಕನೆಕ್ಟರು ಸಾಮಾನ್ಯವಾಗಿ ಏರ್‌ಬ್ಯಾಗಿನವು, ಅವನ್ನು ಮುಟ್ಟಿಸಬೇಡಿ. ಪಕ್ಕದ ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಕಂಬಗಳ ಒಳಗೆ ವೈರು ತುರುಕಿಸುವುದೂ ಬೇಡ. ಹಿಂದಿನ ಸೀಟಿನ ಕೆಳಗೆ ಬಹಳ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕು ಇರುತ್ತದೆ, ಅಲ್ಲಿ ಡ್ರಿಲ್ ಇಡುವ ಮುನ್ನ ಕೆಳಗೆ ಬಗ್ಗಿ ನೋಡಲೇಬೇಕು. ಕಂಪನಿಯ ವೈರುಗಳನ್ನು ಕತ್ತರಿಸದೆ, ನಿಮ್ಮ ಕಾರಿನ ಮಾಡೆಲ್ಲಿಗೆ ಸಿಗುವ ಕಪ್ಲರ್ ಹಾಕಿಸಿ. ಕತ್ತರಿಸಿದ ವೈರು ಕಂಡರೆ ವಾರಂಟಿಯ ತಕರಾರು ಏಳುತ್ತದೆ. ವಿಮೆಯವರಿಗೂ ಈ ಸಾಮಾನಿನ ಬೆಲೆ ತಿಳಿಸಿ, ಪಾಲಿಸಿಯಲ್ಲಿ ಬರೆಸಿಕೊಳ್ಳಿ, ಇಲ್ಲದಿದ್ದರೆ ಕಳುವಾದಾಗ ಅದರ ದುಡ್ಡು ಸಿಗುವುದಿಲ್ಲ.

ಅರ್ಥ್ ವೈರು, ಅಂದರೆ ನೆಗೆಟಿವ್, ಪಾಸಿಟಿವ್‌ನಷ್ಟೇ ದಪ್ಪಗಿರಬೇಕು ಮತ್ತು ಗಿಡ್ಡಗಿರಬೇಕು. ಡಿಕ್ಕಿಯ ಹತ್ತಿರ ಕಾರಿನ ಕಬ್ಬಿಣಕ್ಕೆ, ಬಣ್ಣ ಕೆರೆದು, ಬೋಲ್ಟಿನಿಂದ ಬಿಗಿಸಬೇಕು. ಬಣ್ಣದ ಮೇಲೇ ಬಿಗಿಸಿದರೆ ಸಂಪರ್ಕ ಸರಿಯಾಗುವುದಿಲ್ಲ. ಸೀಟ್‌ಬೆಲ್ಟಿನ ಬೋಲ್ಟು ಕೈಗೆ ಸಿಗುತ್ತದೆಂದು ಅದಕ್ಕೆ ಸಿಕ್ಕಿಸುವವರಿದ್ದಾರೆ, ಅದು ಜೀವ ಉಳಿಸುವ ಬೋಲ್ಟು, ಬೇಡ ಅನ್ನಿ. ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ಲು ಕಾರಿನ ಒಂದು ಪಕ್ಕದಲ್ಲಿ, ಕರೆಂಟಿನ ವೈರು ಇನ್ನೊಂದು ಪಕ್ಕದಲ್ಲಿ ಹೋಗಲಿ. ಇವೆರಡು ಜೊತೆಯಾದರೆ, ಇಲ್ಲವೇ ಅರ್ಥ್ ಸಡಿಲವಾದರೆ, ಆಕ್ಸಿಲರೇಟರ್ ಒತ್ತಿದಷ್ಟೂ ಏರುವ ಒಂದು 'ಕುಂಯ್' ಎಂಬ ಸದ್ದು ಹಾಡಿನ ಹಿಂದೆ ಕೇಳುತ್ತದೆ. ಅದು ಆಲ್ಟರ್ನೇಟರಿನ ಗೊಣಗಾಟ.

ಈಗಿನ ಕಾರುಗಳ ಟಚ್‌ಸ್ಕ್ರೀನ್ ಸ್ಟೀರಿಯೊದಲ್ಲಿ ಆರ್‌ಸಿಎ ತೂತುಗಳೇ ಇರುವುದಿಲ್ಲ ಅನ್ನುವುದು ಹಲವರ ಚಿಂತೆ. ಸ್ಟೀರಿಯೊ ಬದಲಿಸಬೇಕಾಗಿಲ್ಲ. "ಹೈ ಲೆವೆಲ್ ಇನ್‌ಪುಟ್" ಇರುವ ಆಂಪ್ಲಿಫೈಯರ್ ಕೊಂಡರೆ ಸ್ಪೀಕರಿನ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುತ್ತದೆ. ಆಂಪ್ಲಿಫೈಯರನ್ನು ಎಬ್ಬಿಸುವ ರಿಮೋಟ್ ಎಂಬ ಸಣ್ಣ ವೈರೊಂದಿರುತ್ತದೆ, ಅದು ಸ್ಟೀರಿಯೊ ಆನ್ ಆದಾಗ ಮಾತ್ರ ಕರೆಂಟು ಸಿಗುವ ಕಡೆ ಸೇರಬೇಕು. ಬ್ಯಾಟರಿಗೆ ನೇರ ಕೊಟ್ಟರೆ ಆಂಪ್ಲಿಫೈಯರ್ ರಾತ್ರಿಯಿಡೀ ಎಚ್ಚರವಾಗಿದ್ದು, ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ.

ಎಲ್ಲ ಜೋಡಿಸಿಯಾಯಿತು. ಇನ್ನು ನನ್ನ ದನಿಯ ಹಂಡೆ!

ಗಂಡಸರ ಮಾತಿನ ಮೂಲ ಸ್ವರ ಹೆಚ್ಚುಕಡಿಮೆ 85ರಿಂದ 180 ಹರ್ಟ್ಸ್, ಹೆಂಗಸರದು 165ರಿಂದ 255. ಆಂಪ್ಲಿಫೈಯರಿನ ಮೇಲೆ "ಲೋ ಪಾಸ್" ಎಂಬ ತಿರುಪು ಇರುತ್ತದೆ, ಎಷ್ಟು ಹರ್ಟ್ಸಿನ ಕೆಳಗಿನದನ್ನು ಮಾತ್ರ ಸಬ್‌ವೂಫರಿಗೆ ಬಿಡಬೇಕೆಂದು ಅದು ಹೇಳುತ್ತದೆ. ಅದನ್ನು 150ರಲ್ಲೋ 200ರಲ್ಲೋ ಬಿಟ್ಟರೆ ಮಾತಿನ ಬುಡವೂ ಡಿಕ್ಕಿಗೆ ಹೋಗಿ, ನಿರೂಪಕ ಹಿಂದಿನಿಂದ ಗೊಗ್ಗರು ದನಿಯಲ್ಲಿ ಮಾತಾಡಿದಂತೆ ಕೇಳುತ್ತದೆ. 80 ಹರ್ಟ್ಸಿಗೆ ಇಳಿಸಿ. ಅದರ ಕೆಳಗಿನ ಅಲೆಗಳು ನಾಲ್ಕು ಮೀಟರಿಗಿಂತ ಉದ್ದ, ಅವು ಯಾವ ದಿಕ್ಕಿನಿಂದ ಬಂದವೆಂದು ಕಿವಿಗೆ ಸುಲಭವಾಗಿ ತಿಳಿಯುವುದಿಲ್ಲ. ಆದ್ದರಿಂದಲೇ ಸಬ್‌ವೂಫರ್ ಡಿಕ್ಕಿಯಲ್ಲಿದ್ದರೂ ಮೃದಂಗ ಮುಂದೆಯೇ ಕೂತು ನುಡಿಸಿದಂತೆ ಅನಿಸುವುದು. ಬಾಗಿಲ ಸ್ಪೀಕರುಗಳಿಗೆ "ಹೈ ಪಾಸ್" ಸೌಲಭ್ಯವಿದ್ದರೆ ಅದನ್ನೂ 80ಕ್ಕೆ ಇಡಿ, ಅವು ಭಾರ ಇಳಿದು ಹಗುರಾಗಿ ಹಾಡುತ್ತವೆ. ನಮ್ಮ ಸ್ಟುಡಿಯೋದ ಗುಟ್ಟೊಂದು ಹೇಳುತ್ತೇನೆ: ಮೈಕಿಗೆ ಬಾಯಿ ಹತ್ತಿರ ತಂದಷ್ಟೂ ದನಿಯಲ್ಲಿ ಮಂದ್ರ ತಾನಾಗಿ ಏರುತ್ತದೆ, ನಿರೂಪಕರಲ್ಲಿ ಇದನ್ನು ಇಷ್ಟಪಡದವರು ಕಡಿಮೆ. ಅದರ ಮೇಲೆ ನೀವೂ "ಬೇಸ್ ಬೂಸ್ಟ್" ಏರಿಸಿದರೆ ಹಂಡೆಯಾಗದೆ ಇನ್ನೇನಾದೀತು? ಬೂಸ್ಟ್ ಸೊನ್ನೆಯಲ್ಲಿರಲಿ.

"ಗೇನ್" ಎಂಬ ತಿರುಪನ್ನು ಬಹಳ ಜನ ವಾಲ್ಯೂಮ್ ಅಂದುಕೊಳ್ಳುತ್ತಾರೆ. ಅದು ಸ್ಟೀರಿಯೊ ಕೊಡುವ ಸಿಗ್ನಲ್ಲಿಗೂ ಆಂಪ್ಲಿಫೈಯರಿಗೂ ಹೊಂದಾಣಿಕೆ ಮಾಡುವ ತಿರುಪು. ಅದನ್ನು ಪೂರ್ತಿ ಕೆಳಗಿಳಿಸಿ. ಸ್ಟೀರಿಯೊದ ವಾಲ್ಯೂಮ್ ಗರಿಷ್ಠ 40 ಇದ್ದರೆ 30ರಲ್ಲಿಡಿ. ನಿಮಗೆ ಚೆನ್ನಾಗಿ ಪರಿಚಯವಿರುವ, ಬೇಸ್ ಸ್ಪಷ್ಟವಾಗಿರುವ ಹಾಡು ಹಾಕಿ. 1987ರ 'ಪ್ರೇಮಲೋಕ'ದ ಹಂಸಲೇಖ ಅವರ ಹಾಡುಗಳು ನನ್ನ ಅಭ್ಯಾಸ, ನೀವು ನಿಮ್ಮದನ್ನು ಆರಿಸಿಕೊಳ್ಳಿ. ಗೇನನ್ನು ನಿಧಾನವಾಗಿ ಏರಿಸುತ್ತಾ ಹೋಗಿ, ಪೆಟ್ಟು ಒಡೆದಂತೆ, ಹರಿದಂತೆ ಕೇಳಿದ ಕೂಡಲೇ ಸ್ವಲ್ಪ ಹಿಂದಕ್ಕೆ ತಿರುಗಿಸಿ ನಿಲ್ಲಿಸಿ. ಆ ಒಡಕು ಸದ್ದಿನಲ್ಲೇ ಗಂಟೆಗಟ್ಟಲೆ ಓಡಿಸಿದರೆ ಸಬ್‌ವೂಫರಿನ ಸುರುಳಿ ಕಾದು ಸುಟ್ಟುಹೋಗುತ್ತದೆ. ಕೊನೆಗೆ "ಫೇಸ್" ಸ್ವಿಚ್ಚನ್ನು 0ಯಲ್ಲೊಮ್ಮೆ, 180ರಲ್ಲೊಮ್ಮೆ ಇಟ್ಟು, ಡ್ರೈವರ್ ಸೀಟಿನಲ್ಲಿ ಕೂತು ಕೇಳಿ. ಯಾವುದರಲ್ಲಿ ಮಂದ್ರ ತುಂಬಿ ಬರುತ್ತದೋ ಅದೇ ಸರಿ.

ರೇಡಿಯೊ ಕೇಳುವವರು ಇನ್ನೊಂದು ಪರೀಕ್ಷೆ ಮಾಡಲೇಬೇಕು. ಸ್ವಲ್ಪ ದುರ್ಬಲವಾಗಿ ಸಿಗುವ ಎಫ್‌ಎಂ ನಿಲ್ದಾಣವೊಂದನ್ನು ಹಚ್ಚಿ, ಆಂಪ್ಲಿಫೈಯರಿನ ರಿಮೋಟ್ ವೈರು ತೆಗೆದು ಒಮ್ಮೆ, ಹಾಕಿ ಒಮ್ಮೆ ಕೇಳಿ. ಹಾಕಿದಾಗ ಮಾತ್ರ 'ಸುಯ್' ಅನ್ನುವ ಸದ್ದು ಏರಿದರೆ, ಆಂಪ್ಲಿಫೈಯರೋ ಅದರ ವೈರೋ ಆಂಟೆನಾ ಕೇಬಲ್ಲಿಗೆ ತೀರಾ ಹತ್ತಿರವಿದೆ ಎಂದರ್ಥ. ಅಂಗಡಿಯಿಂದ ಹೊರಡುವ ಮೊದಲೇ ಸರಿಸಿ ಕೊಡಲು ಹೇಳಿ. ಮಿಸ್ತ್ರಿಗಳು ಮೊಬೈಲಿನಿಂದ ಹಾಡು ಹಾಕಿ ತೋರಿಸಿ ಕಳಿಸಿಬಿಡುತ್ತಾರೆ, ರೇಡಿಯೊ ಹಚ್ಚಿ ನೋಡುವುದಿಲ್ಲ.

ಎಷ್ಟು ಜೋರು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಕಿಟಕಿ ಮುಚ್ಚಿದ ಕಾರಿನಲ್ಲಿ 90 ದಾಟಿಸುವುದು ಸಬ್‌ವೂಫರಿಗೆ ಆಟದ ಮಾತು. ಹಿಂದಿನ ಸೀಟಿನಲ್ಲಿ ಮಗುವಿದ್ದರೆ ಪೆಟ್ಟಿಗೆಗೆ ಅತಿ ಹತ್ತಿರವಿರುವುದು ಅದರ ಕಿವಿ. ಹೊರಗಿನವರಿಗೂ ಕಾನೂನಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್. ಸೊಸೈಟಿಯ ಗೇಟಿನೊಳಗೆ ಬರುವಾಗ ವಾಚ್‌ಮನ್ ಕಿಟಕಿ ಗಡಗಡ ಅನ್ನಿಸಬೇಡಿ.

ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಬಾನೆಟ್ ತೆಗೆಯಿರಿ. ಫ್ಯೂಸಿನ ಹೋಲ್ಡರನ್ನು ಕೈಯಿಂದ ಮುಟ್ಟಿ, ಬಿಸಿಯಾಗಿದ್ದರೆ ಅಥವಾ ಪ್ಲಾಸ್ಟಿಕ್ ಕರಗಿದ ಗುರುತಿದ್ದರೆ ಸ್ಕ್ರೂ ಸಡಿಲವಾಗಿದೆ. ಬ್ಯಾಟರಿ ಟರ್ಮಿನಲ್ಲು, ಡಿಕ್ಕಿಯ ಅರ್ಥ್ ಬೋಲ್ಟು, ಎರಡನ್ನೂ ಅಲುಗಾಡಿಸಿ ನೋಡಿ, ರಬ್ಬರ್ ಬಳೆ ತೂತಿನಲ್ಲೇ ಇದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಹಾಡಿನ ನಡುವೆ ಗಿರಗಿರ ಸದ್ದು ಬಂದರೆ ಸಬ್‌ವೂಫರನ್ನು ಬೈಯುವ ಮೊದಲು ಹಿಂದಿನ ನಂಬರ್ ಪ್ಲೇಟನ್ನು ಒಮ್ಮೆ ಒತ್ತಿ ಹಿಡಿಯಿರಿ, ಬಹಳ ಸಲ ಅದುರುವುದು ಅದೇ.